ಬ್ರೇಕರ್ ಹೊಡೆಯುವಾಗ ಮಾತ್ರ ರೇಸ್ ಡೌನ್, ಮೂರು ಸೆನ್ಸರ್ ಕೋಡ್ ಒಟ್ಟಿಗೆ. ಇಸಿಎಂ (ಇಂಜಿನ್ ನಡೆಸೋ ಕಂಪ್ಯೂಟರ್) ಹೋಗಿದೆ ಅಂತಾರೆ, ನಂಬಬಹುದಾ?

ಶಿರಾ_ಕ್ವಾರಿ

ಎಲ್ಲರಿಗೂ ನಮಸ್ಕಾರ. ನಮ್ದು 20 ಟನ್ ಕ್ಲಾಸಿನ ಹಿಟಾಚಿ. ಹಿಟಾಚಿ ಅಂದ್ರೆ ಊರಲ್ಲಿ ಎಲ್ಲಾ ಎಕ್ಸ್‌ಕವೇಟರ್‌ಗೂ ಕರೆಯೋ ಹೆಸರು, ನಮ್ದು ಕಂಪನಿ ಬೇರೆ, ಅದು ಇಲ್ಲಿ ಬೇಡ. 6 ಸಿಲಿಂಡರ್ ಕಾಮನ್ ರೈಲ್ ಇಂಜಿನ್, ಅವರ್ ಮೀಟರ್ 9 ಸಾವಿರ ದಾಟಿದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಕಂತು ಇನ್ನೂ ಬಾಕಿ ಇದೆ. ಈಗ ಶಿರಾ ಹತ್ರ ಒಂದು ಕ್ರಷರ್‌ಗೆ ಗಂಟೆ ಲೆಕ್ಕದಲ್ಲಿ ಬ್ರೇಕರ್ (ಬಕೆಟ್ ಜಾಗಕ್ಕೆ ಹಾಕೋ ಬಂಡೆ ಒಡೆಯೋ ಸುತ್ತಿಗೆ) ಕೆಲಸಕ್ಕೆ ಬಿಟ್ಟಿದ್ದೀನಿ.

ತೊಂದರೆ ಏನಪ್ಪಾ ಅಂದ್ರೆ, ಬಕೆಟ್ ಹಾಕಿ ಲೋಡಿಂಗ್ ಮಾಡಿದ್ರೆ ಇಡೀ ದಿನ ಒಂದು ತಕರಾರೂ ಇಲ್ಲ. ಬ್ರೇಕರ್ ಹಾಕಿ ಬಂಡೆ ಹೊಡೆಯೋಕೆ ನಿಂತ್ರೆ, ಸ್ವಲ್ಪ ಹೊತ್ತಿಗೆ ಬಜರ್ ಕೂಗುತ್ತೆ, ಕೆಂಪು ಲೈಟ್ ಬರುತ್ತೆ, ರೇಸ್ ತಾನಾಗೇ ಇಳಿದು ಇಂಜಿನ್ ಲೋಡ್ ತಗೊಳ್ಳೋದೇ ಇಲ್ಲ. ಕೀ ಆಫ್ ಮಾಡಿ ಒಂದು ಬೀಡಿ ಸೇದೋ ಅಷ್ಟು ಹೊತ್ತು ಬಿಟ್ಟು ಆನ್ ಮಾಡಿದ್ರೆ ಮತ್ತೆ ಸರಿ. ಇನ್ನೊಂದು ಬಂಡೆ ಮುಗಿಯೋದ್ರೊಳಗೆ ಮತ್ತೆ ಅದೇ ಕಥೆ. ಕ್ರಷರ್‌ನವರು ನಿಂತ ಗಂಟೆಗೆ ದುಡ್ಡು ಕೊಡಲ್ಲ, ಆಪರೇಟರ್ ಬಾಟಾ ಮಾತ್ರ ನಿಲ್ಲಲ್ಲ.

ಮಾನಿಟರ್‌ನಲ್ಲಿ ಬರೋ ಕೋಡ್: 100-4, 102-4, 3510-4. ಮೂರೂ ಒಟ್ಟಿಗೇ ಬರ್ತವೆ, ಒಟ್ಟಿಗೇ ಹೋಗ್ತವೆ.

100 ಅಂದ್ರೆ ಆಯಿಲ್ ಪ್ರೆಶರ್ ಅಂತ ಹೇಳಿದ್ರು. ಹೆದರಿ ಮೊದಲು ಗೇಜ್ ಹಾಕಿಸಿ ನೋಡಿದ್ವಿ. ಬಿಸಿ ಇಂಜಿನ್‌ನಲ್ಲಿ ಫುಲ್ ರೇಸ್‌ಗೆ 4 ಬಾರ್ ಮೇಲೇ ತೋರಿಸ್ತು. ಆಮೇಲೆ ಆಯಿಲ್ ಪ್ರೆಶರ್ ಸೆನ್ಸರ್ ಹೊಸದು ಹಾಕಿಸ್ದೆ. ಏನೂ ಬದಲಾಗಲಿಲ್ಲ. ಸರ್ವೀಸ್‌ನವರು ಲ್ಯಾಪ್‌ಟಾಪ್ ಹಾಕಿ ನೋಡಿ, "ಎಲ್ಲಾ ಸೆನ್ಸರ್ ಒಟ್ಟಿಗೆ ಹೋಗೋಕೆ ಸಾಧ್ಯ ಇಲ್ಲ, ಇಸಿಎಂ ಒಳಗೇ ಹೋಗಿದೆ, ಬದಲಾಯಿಸ್ಬೇಕು" ಅಂತ ಕೊಟೇಶನ್ ಕಳಿಸಿದ್ದಾರೆ. ಆ ದುಡ್ಡಿಗೆ ಹಳೆ ಟ್ರ್ಯಾಕ್ಟರ್ ಒಂದು ಬರುತ್ತೆ. ಅಡ್ವಾನ್ಸ್ ಕಟ್ಟೋ ಮುಂಚೆ ತಿಳಿದವರನ್ನ ಕೇಳೋಣ ಅಂತ ಬರೀತಿದ್ದೀನಿ.

ಮಲ್ಟಿಮೀಟರ್ ಹಿಡಿಯೋಕೆ ಬರುತ್ತೆ, ಬೋರ್‌ವೆಲ್ ಸ್ಟಾರ್ಟರ್ ಬೋರ್ಡ್ ನಾನೇ ರಿಪೇರಿ ಮಾಡ್ಕೋತೀನಿ. ಅದಕ್ಕಿಂತ ಹೆಚ್ಚಿನ ವಿದ್ಯೆ ಇಲ್ಲ.

ಆಪರೇಟರ್_ದಾವಣಗೆರೆ

ಅಣ್ಣಾ, ಗೇಜ್‌ನಾಗೆ ಪ್ರೆಶರ್ ಸರಿ ಐತಿ ಅಂದ್ಮೇಲೆ ಯಾಕೆ ತಲೆ ಕೆಡಿಸ್ಕೊಂತಿ? ನಮ್ಮ ಕಡೆ ಒಬ್ಬ ಎಲೆಕ್ಟ್ರಿಷಿಯನ್ ಅದಾನ, ಸೆನ್ಸರ್ ಜಾಗಕ್ಕೆ ಒಂದು ರೆಸಿಸ್ಟರ್ ಕೂರಿಸಿ ಬೈಪಾಸ್ ಮಾಡಿಬಿಡ್ತಾನ. ಕೋಡೂ ಇಲ್ಲ, ಬಜರ್ರೂ ಇಲ್ಲ. ಎಷ್ಟು ಗಾಡಿ ಹಂಗೇ ಓಡ್ತಾ ಅದಾವು. ಕೆಲಸ ನಿಲ್ಲಿಸಿದ್ರೆ ಯಾರೂ ದುಡ್ಡು ಕೊಡಲ್ಲ.

ಹೊಸಪೇಟೆ_ವೈರಿಂಗ್

ಶಿರಾದವರೇ, ಇಸಿಎಂಗೆ ಅಡ್ವಾನ್ಸ್ ಕಟ್ಟಬೇಡ್ರಿ. ಇನ್ನೂ ಆ ಮಾತಿಗೆ ಟೈಮ್ ಬಂದಿಲ್ಲ. ಸಂಡೂರು ಕಡೆ ಮೈನ್ಸ್ ಗಾಡಿಗಳ ವೈರಿಂಗ್ ಮಾಡಿಕೊಂಡೇ ನನ್ನ ತಲೆ ಬೆಳ್ಳಗಾಗಿದ್ದು, ಸ್ವಲ್ಪ ಉದ್ದ ಬರೀತೀನಿ, ಪುರಸೊತ್ತಾಗಿ ಓದ್ರಿ.

ಮೊದಲು ಕೋಡ್. ಗೆರೆಯ ಎಡಕ್ಕಿರೋ ಸಂಖ್ಯೆಗೆ ಎಸ್‌ಪಿಎನ್ ಅಂತಾರೆ, ಯಾವ ಜಾಗ ಅಂತ ಹೇಳ್ತದೆ. ಬಲಕ್ಕಿರೋದು ಎಫ್‌ಎಂಐ, ಆ ಜಾಗಕ್ಕೆ ಏನಾಗಿದೆ ಅಂತ ಹೇಳ್ತದೆ. ಜೆ1939 ಅನ್ನೋ ಸ್ಟ್ಯಾಂಡರ್ಡ್‌ನಲ್ಲಿ ಬರೋದರಿಂದ ಬೇರೆ ಬೇರೆ ಕಂಪನಿಗಳಲ್ಲೂ ಸಂಖ್ಯೆ ಒಂದೇ ಇರ್ತದೆ, ಕೆಲವು ಕಂಪನಿಯವರು ಮಾತ್ರ ಮಾನಿಟರ್‌ನಲ್ಲಿ ತಮ್ಮದೇ ಕೋಡ್ ತೋರಿಸ್ತಾರೆ. 100 ಆಯಿಲ್ ಪ್ರೆಶರ್, 102 ಬೂಸ್ಟ್ ಪ್ರೆಶರ್ (ಟರ್ಬೋ ಕೊಡೋ ಗಾಳಿದು), 110 ಕೂಲಂಟ್ ಟೆಂಪರೇಚರ್, 157 ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಕೊಡೋ ಹೈ ಪ್ರೆಶರ್ ಪೈಪಿಂದು). ನಮ್ಮ ಹುಡುಗರು ಎಡಗಡೆ ಸಂಖ್ಯೆ ನೋಡಿದ ಕೂಡಲೇ ಸೆನ್ಸರ್ ತರೋಕೆ ಅಂಗಡಿಗೆ ಓಡ್ತಾರೆ. ನೋಡಬೇಕಾದ್ದು ಬಲಗಡೆದು.

ನಿಮಗೆ 100-1 ಬಂದಿದ್ದರೆ, ಸೆನ್ಸರ್ ಸರಿಯಿದೆ, ಆಯಿಲ್ ಪ್ರೆಶರೇ ನಿಜವಾಗಿ ಬಿದ್ದಿದೆ ಅಂತ ಅರ್ಥ. ಆಗ ಅಲ್ಲೇ ಇಂಜಿನ್ ನಿಲ್ಲಿಸಿ ಕೆಳಗಿಳೀಬೇಕು. 3 ಮತ್ತು 4 ಬಂದ್ರೆ ಅದು ಕರೆಂಟಿನ ಕಥೆ. 3 ಅಂದ್ರೆ ಸಿಗ್ನಲ್ ವೋಲ್ಟೇಜ್ ಇರಬೇಕಾದ್ದಕ್ಕಿಂತ ಮೇಲೆ, 4 ಅಂದ್ರೆ ಕೆಳಗೆ. ನಿಮ್ಮ ಮೂರೂ ಕೋಡಿನ ಬಾಲದಲ್ಲಿ 4 ಐತೆ. ಆಯಿಲ್ ಬಗ್ಗೆ ಹೆದರಿದ್ದು ತಪ್ಪಲ್ಲ, ಗೇಜ್ ಹಾಕಿಸಿದ್ದು ಒಳ್ಳೇ ಕೆಲಸ. ಆದರೆ ಸೆನ್ಸರ್ ಬದಲಾಯಿಸೋ ಅಗತ್ಯ ಇರಲಿಲ್ಲ, ಯಾಕಂದ್ರೆ ಮೂರನೇ ಕೋಡ್ ಎಲ್ಲಾ ಹೇಳಿಬಿಟ್ಟಿದೆ. 3510 ಯಾವ ಸೆನ್ಸರೂ ಅಲ್ಲ. ಇಸಿಎಂ ಸೆನ್ಸರ್‌ಗಳಿಗೆ ಕೊಡೋ 5 ವೋಲ್ಟ್ ಸಪ್ಲೈ ಅದು, ಎರಡನೇ ಲೈನು. ಆ ಲೈನೇ ಬಿದ್ದು ಹೋಗ್ತಾ ಇದೆ. ಅದರ ಮೇಲಿರೋ ಆಯಿಲ್ ಸೆನ್ಸರೂ ಬೂಸ್ಟ್ ಸೆನ್ಸರೂ ಜೊತೆಗೆ ಮಲಗ್ತಾವೆ. ಸರ್ವೀಸ್‌ನವರು "ಒಟ್ಟಿಗೆ ಹೋಗೋಕೆ ಸಾಧ್ಯ ಇಲ್ಲ" ಅಂದದ್ದು ಸರಿಯೇ. ಅಲ್ಲಿಂದ ನೇರ ಇಸಿಎಂಗೆ ಹಾರಿದ್ದು ಸರಿಯಲ್ಲ. ನಡುವೆ ಒಂದು ವೈರ್ ಐತಲ್ಲ.

ರೇಸ್ ಇಳಿಯೋದು ಬಹುಶಃ ಬೂಸ್ಟ್ ಸೆನ್ಸರ್ ದೆಸೆಯಿಂದ. ಟರ್ಬೋ ಎಷ್ಟು ಗಾಳಿ ಕೊಡ್ತಿದೆ ಅಂತ ಗೊತ್ತಾಗದಿದ್ರೆ ಇಸಿಎಂ ಡೀಸೆಲ್ ಕಡಿಮೆ ಮಾಡ್ತದೆ. ಇಂಜಿನ್ ಪೂರ್ತಿ ನಿಲ್ಲದೆ ಇರೋದನ್ನೂ, 157 ನಿಮ್ಮ ಪಟ್ಟಿಯಲ್ಲಿ ಇಲ್ಲದ್ದನ್ನೂ ನೋಡಿದ್ರೆ ರೈಲ್ ಪ್ರೆಶರ್ ಸೆನ್ಸರ್ ಬೇರೆ ಲೈನಿನ ಮೇಲಿದೆ ಅನ್ಸುತ್ತೆ. ಕೀ ಆಫ್ ಮಾಡಿದ ಮೇಲೆ ಸರಿಹೋಗ್ತದಲ್ಲ, ಅದೂ ಹೊಂದ್ತದೆ. ಲೈನು ಗಾಡಿಯ ಕಬ್ಬಿಣಕ್ಕೆ ತಾಗಿ ಶಾರ್ಟ್ ಆದಾಗ ಇಸಿಎಂ ತನ್ನನ್ನ ಉಳಿಸ್ಕೊಳ್ಳೋಕೆ ಸಪ್ಲೈ ಕಟ್ ಮಾಡ್ತದೆ.

ಇನ್ನೊಂದು. ಬಿಸಿಯಾದ್ರೆ ಬರೋ ತೊಂದರೆ ಅಂತ ನಿಮಗೆ ಯಾರಾದ್ರೂ ಹೇಳಿದ್ರೆ ಕೇಳಬೇಡ್ರಿ. ಬಕೆಟ್ ಕೆಲಸದಲ್ಲೂ ಇಂಜಿನ್ ಅಷ್ಟೇ ಬಿಸಿ ಆಗ್ತದೆ, ಆಗ ಕೋಡ್ ಬರಲ್ಲ. ಬ್ರೇಕರ್‌ನಲ್ಲಿ ಹೆಚ್ಚಿಗೆ ಇರೋದು ನಡುಕ ಒಂದೇ. ಎಲ್ಲೋ ವೈರ್ ಕಬ್ಬಿಣಕ್ಕೆ ಉಜ್ಜತಾ ಇದೆ.

ಹುಡುಕೋದು ಹೀಗೆ. ಇಂಜಿನ್ ಆಫ್, ಕೀ ಆನ್. ಆಯಿಲ್ ಪ್ರೆಶರ್ ಸೆನ್ಸರಿನ ಕಪ್ಲರ್ (ವೈರ್ ಸೇರೋ ಪ್ಲಗ್) ಬಿಚ್ರಿ. ಮೂರು ಪಿನ್ ಇರ್ತವೆ: 5 ವೋಲ್ಟ್, ಅರ್ತ್, ಸಿಗ್ನಲ್. 5 ವೋಲ್ಟ್ ಮತ್ತು ಅರ್ತ್ ನಡುವೆ ಮೀಟರ್ ಹಿಡಿದ್ರೆ 4.75ರಿಂದ 5.25ರ ಒಳಗೆ ಬರಬೇಕು. ಮೀಟರನ್ನ ಅಲ್ಲೇ ಕಟ್ಟಿ ಬಿಡ್ರಿ. ಮಿನ್-ಮ್ಯಾಕ್ಸ್ ಬಟನ್ ಇರೋ ಮೀಟರ್ ಆದ್ರೆ ಅದನ್ನ ಒತ್ತಿಡ್ರಿ, ಕಣ್ಣು ಮಿಟುಕಿಸೋದ್ರೊಳಗೆ ಬಿದ್ದು ಎದ್ದ ವೋಲ್ಟೇಜ್ ಡಿಜಿಟಲ್ ಮೀಟರ್‌ನಲ್ಲಿ ಸುಮ್ನೆ ಕಾಣಲ್ಲ. ಆಮೇಲೆ ಒಬ್ಬ ಹುಡುಗ ಸೆನ್ಸರ್ ಕಡೆಯಿಂದ ಇಸಿಎಂ ಕಡೆಗೆ ವೈರಿಂಗನ್ನ ಗೇಣು ಗೇಣಾಗಿ ಅಲ್ಲಾಡಿಸ್ತಾ, ಸ್ಕ್ರೂಡ್ರೈವರ್ ಹಿಡಿಕೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಲಿ. 5 ಎಲ್ಲಿ ಬೀಳ್ತದೋ ಅಲ್ಲಿ ಕಳ್ಳ. ಕ್ಲಾಂಪ್ ಇರೋ ಕಡೆ, ಸೆಲ್ಫ್ ಮೋಟರ್ ಹಿಂದೆ, ಬ್ಲಾಕಿನ ಅಂಚಲ್ಲಿ ವೈರಿಂಗ್ ತಿರುಗೋ ಕಡೆ ಜಾಸ್ತಿ ನೋಡ್ರಿ. ಕಪ್ಪು ಸುರುಳಿ ಪೈಪಿನ ಮೇಲ್ಗಡೆ ನೋಡಿ ಚೆನ್ನಾಗಿದೆ ಅಂತ ಬಿಡಬೇಡ್ರಿ, ತಿರುಗಿಸಿ ಕೆಳಗಿನ ಸೀಳು ನೋಡ್ರಿ.

ಅಲ್ಲಾಡಿಸದೇನೇ 5 ಬರದೆ ಹೋದ್ರೆ ಆ ಲೈನ್ ಮೇಲಿರೋ ಸೆನ್ಸರ್‌ಗಳ ಕಪ್ಲರ್ ಒಂದೊಂದಾಗಿ ಬಿಚ್ಚತಾ ಬರ್ರಿ. ಯಾವುದು ಬಿಚ್ಚಿದಾಗ 5 ವಾಪಸ್ ಬರ್ತದೋ ಆ ಸೆನ್ಸರ್ ಒಳಗೆ ಶಾರ್ಟ್. ಬರದಿದ್ರೆ ನಡುನಡುವೆ ಕೀ ಆಫ್-ಆನ್ ಮಾಡ್ರಿ, ಕೆಲವು ಇಸಿಎಂ ಹಾಗೆ ಮಾಡಿದ್ರೆ ಮಾತ್ರ ಸಪ್ಲೈ ಮತ್ತೆ ಬಿಡ್ತಾವೆ. ಎಲ್ಲಾ ಸೆನ್ಸರೂ ಬಿಚ್ಚಿ, ವೈರ್ ಎಲ್ಲೂ ಗಾಡಿಯ ಕಬ್ಬಿಣಕ್ಕೆ ತಾಗಿಲ್ಲ ಅಂತ ಖಾತ್ರಿ ಆಗಿ, ಆಗಲೂ ಇಸಿಎಂ ಪಿನ್ನಲ್ಲೇ 5 ಇಲ್ಲ ಅಂದ್ರೆ ಮಾತ್ರ ಇಸಿಎಂ ಹೆಸರು ಎತ್ತಬಹುದು. ಬೆಸುಗೆ ಬಿಟ್ಟ ಇಸಿಎಂ ನಾನೂ ನೋಡಿದ್ದೀನಿ, ಇಲ್ಲ ಅನ್ನಲ್ಲ. ಅದು ಕೊನೇ ಮಾತು.

ಎರಡು ಕೆಲಸ ಮಾಡಬೇಡ್ರಿ. ಟೆಸ್ಟ್ ಬಲ್ಬ್ ಹಿಡಿದು ಈ ವೈರ್ ಚೆಕ್ ಮಾಡಬೇಡ್ರಿ, 24 ವೋಲ್ಟ್ ಬ್ಯಾಟರಿಯ ಪ್ಲಸ್ ತಪ್ಪಿ ಆ ಲೈನಿಗೆ ತಾಗಿದ್ರೆ ಸರ್ವೀಸ್‌ನವರ ಕೊಟೇಶನ್ ಅಂದೇ ನಿಜ ಆಗ್ತದೆ. ಹಾಗೇ ವೈರಿನ ಮೈಗೆ ಪಿನ್ ಚುಚ್ಚಬೇಡ್ರಿ, ಆ ತೂತಲ್ಲಿ ಮಳೆಗಾಲಕ್ಕೆ ನೀರಿಳಿದು ತಾಮ್ರ ಹಸಿರಾಗ್ತದೆ. ಕಪ್ಲರಿನ ಹಿಂಭಾಗದಿಂದ ಸಣ್ಣ ಗುಂಡುಪಿನ್ ಇಳಿಸಿ ಅದಕ್ಕೆ ಮೀಟರ್ ಹಿಡೀರಿ. ರೈಲ್ ಪೈಪಿನ ನಟ್‌ಗೆ ಕೈ ಹಾಕೋದಂತೂ ಬೇಡವೇ ಬೇಡ, ಓಡೋ ಇಂಜಿನ್‌ನಲ್ಲಿ ಅಲ್ಲಿಂದ ಚಿಮ್ಮೋ ಡೀಸೆಲ್ ಚರ್ಮ ತೂರಿ ಒಳಗೆ ಹೋಗ್ತದೆ.

ಒಂದು ಪ್ರಶ್ನೆ. ಮಾನಿಟರ್‌ನಲ್ಲಿ ಹಳೇ ಕೋಡ್‌ಗಳ ಪಟ್ಟಿ ಬೇರೆ ಇರ್ತದೆ, ಈಗ ಆಕ್ಟಿವ್ ಇಲ್ಲದವು. ಅದರಲ್ಲಿ ಏನೇನಿದೆ? ಮತ್ತೆ ಇತ್ತೀಚೆಗೆ ಗಾಡಿ ಮೇಲೆ ಯಾರಾದ್ರೂ ವೆಲ್ಡಿಂಗ್ ಮಾಡಿದ್ರಾ?

ದಾವಣಗೆರೆ ತಮ್ಮ, ಆಯಿಲ್ ಸೆನ್ಸರ್ ಬೈಪಾಸ್ ಮಾಡಿದ ಗಾಡಿ ಒಂದು ನನ್ನ ಶೆಡ್ ಮುಂದೆ ಟ್ರೇಲರ್ ಮೇಲೆ ಬಂದಿತ್ತು. ಆಯಿಲ್ ಕೂಲರ್ ಪೈಪ್ ಒಡೆದು ಆಯಿಲ್ ಎಲ್ಲಾ ಕೆಳಗೆ ಹೋದರೂ ಮೀಟರ್‌ನಲ್ಲಿ ಪ್ರೆಶರ್ ಸರಿಯಾಗೇ ತೋರಿಸ್ತಿತ್ತು. ಆಪರೇಟರ್‌ಗೆ ಗೊತ್ತಾಗೋ ಹೊತ್ತಿಗೆ ಕ್ರ್ಯಾಂಕ್ ಜಾಮ್. ಆಮೇಲೆ ಯಜಮಾನ್ರು ಹುಡುಕಿದ್ದು ಆ ರೆಸಿಸ್ಟರ್ ಹಾಕಿದವನನ್ನ. ಮತ್ತೆ ಇಲ್ಲಿ ಬಿದ್ದಿರೋದು 5 ವೋಲ್ಟ್ ಲೈನೇ ಆದ್ದರಿಂದ ಆ ಟ್ರಿಕ್ ನಡೆಯೋದೂ ಇಲ್ಲ.

ಆಪರೇಟರ್_ದಾವಣಗೆರೆ

ಅಷ್ಟು ದೂರ ಯೋಚನೆ ಮಾಡಿರಲಿಲ್ಲ ಬಿಡ್ರಿ. ಕ್ಯಾಬಿನ್‌ನಾಗೆ ಕೂತೋನಿಗೆ ಬಜರ್ ನಿಂತ್ರೆ ಸಾಕು ಅನ್ಸಿರ್ತೈತಿ.

ಕುಂದಾಪುರ_ಮಸ್ಕತ್

ಹೊಸಪೇಟೆಯವರು ಹೇಳಿದ್ದು ಸರಿ ಉಂಟು, ನಾನು ಒಂದೆರಡು ಮಾತು ಸೇರಿಸ್ತೇನೆ. ನಾನು ಇಲ್ಲಿ ಒಮಾನ್‌ನಲ್ಲಿ ಕ್ವಾರಿ ಗಾಡಿಗಳ ಎಲೆಕ್ಟ್ರಿಷಿಯನ್. ಇಲ್ಲಿಯ ಧೂಳು ಹಿಟ್ಟಿನ ಹಾಗೆ, ಎಲ್ಲಿ ಬೇಕಾದರೂ ನುಗ್ತದೆ.

ವೈರಿಂಗ್ ಅಲ್ಲಾಡಿಸುವ ಮೊದಲು ಕಪ್ಲರ್ ಒಳಗೆ ನೋಡಿ ಮಾರಾಯ್ರೆ. ಕಪ್ಲರಿನ ಹೆಣ್ಣು ಪಿನ್ ಅಗಲ ಆದರೆ ಮೀಟರ್ ಹಿಡಿದಾಗ ಎಲ್ಲ ಸರಿ ತೋರಿಸ್ತದೆ, ಗಾಡಿ ನಡುಗಿದಾಗ ಬಿಡ್ತದೆ. ಅದೇ ಅಳತೆಯ ಗಂಡು ಪಿನ್ ಒಂದು ತಗೊಂಡು ಹಾಕಿ ಎಳೆದು ನೋಡಿ, ಸ್ವಲ್ಪ ಹಿಡಿತ ಬೇಕು. ಸಡಿಲ ಜಾರಿ ಬಂದರೆ ಪಿನ್ ಬದಲಾಯಿಸಿ. ಮೀಟರಿನ ದಪ್ಪ ಮುಳ್ಳನ್ನು ಆ ಪಿನ್ನಿಗೆ ತುರುಕಿ ಅಗಲ ಮಾಡುವವರು ನಾವೇ, ಅದು ಬೇರೆ ಮಾತು. ಆದರೆ ಪಿನ್ ಬರೇ ಬಿಟ್ಟರೆ ಆ ಒಂದು ಸೆನ್ಸರಿನ ಕೋಡ್ ಮಾತ್ರ ಬರಬೇಕಿತ್ತು. ನಿಮ್ಮದರಲ್ಲಿ ಲೈನೇ ಬೀಳುವುದರಿಂದ ನನಗೂ ಶಾರ್ಟ್ ಅಂತಲೇ ಕಾಣ್ತದೆ.

ಇನ್ನು ಟೆಂಪರೇಚರ್ ಸೆನ್ಸರ್ ಬಗ್ಗೆ, ಮುಂದೆ ಯಾರಿಗಾದರೂ ಉಪಯೋಗ ಆದೀತು. 110-3 ಬಂದರೆ ಕೂಲಂಟ್ ಸೆನ್ಸರ್ ತರಲಿಕ್ಕೆ ಹೋಗಬೇಡಿ. ಅದು ಎರಡು ಪಿನ್ನಿನದು, ಬಿಸಿಯಾದ ಹಾಗೆ ರೆಸಿಸ್ಟೆನ್ಸ್ ಇಳಿಯುವಂಥದ್ದು. ಸಾಮಾನ್ಯವಾಗಿ ತಣ್ಣಗಿದ್ದಾಗ 2 ಕಿಲೋ ಓಮ್ ಆಸುಪಾಸು, 80 ಡಿಗ್ರಿಗೆ 300 ಚಿಲ್ಲರೆ. ಕಪ್ಲರ್ ಬಿಚ್ಚಿ ಎರಡೂ ಪಿನ್ನಿಗೆ ಸಣ್ಣ ವೈರ್ ಹಾಕಿ ಸೇರಿಸಿ. ಕೋಡ್ 3 ಇದ್ದದ್ದು 4 ಆಯಿತು ಅಂದರೆ ವೈರೂ ಸರಿ, ಇಸಿಎಂ ಕೂಡ ಸರಿ, ಹಾಳಾದದ್ದು ಸೆನ್ಸರೇ. ಬದಲಾಗದಿದ್ದರೆ ವೈರ್ ಹುಡುಕಿ. ಎರಡು ನಿಮಿಷದ ಕೆಲಸ. ಇದನ್ನು ಮೂರು ಪಿನ್ನಿನ ಪ್ರೆಶರ್ ಸೆನ್ಸರಿಗೆ ಮಾಡಬೇಡಿ, ಎರಡು ಪಿನ್ನಿನದಕ್ಕೆ ಮಾತ್ರ.

ಇಲ್ಲಿ ಒಂದು ಲೋಡರಿಗೆ ಹೀಗೇ ಆಗ್ತಿತ್ತು, ಪ್ರತಿ ಶುಕ್ರವಾರದ ಮರುದಿನ ಕೋಡ್. ಮತ್ತೆ ನೋಡಿದರೆ ಶುಕ್ರವಾರ ಗಾಡಿ ತೊಳೆಯುವ ದಿನ. ಪ್ರೆಶರ್ ವಾಷರಿನಲ್ಲಿ ನೇರ ಕಪ್ಲರಿಗೇ ಹೊಡೀತಿದ್ದರು. ರಬ್ಬರ್ ಸೀಲ್ ಹೋಗಿತ್ತು, ಒಳಗೆ ಕೆಸರು. ಬೇರೆ ಎಂತ ಇರಲಿಲ್ಲ.

639 ಕೋಡ್, ಅಂದರೆ ಗಾಡಿಯ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಕ್ಯಾನ್ ಲೈನಿನದು, ನಿಮಗೆ ಬಂದಿಲ್ಲ ಅಲ್ವಾ? ಹಾಗಾದರೆ ಕ್ಯಾನ್ ಲೈನಿನ ತಂಟೆಗೆ ಹೋಗುವುದು ಬೇಡ. ಬಂದಿದ್ದರೆ ಬ್ಯಾಟರಿ ಕಟ್ ಮಾಡಿ ಅದರ ಎರಡು ವೈರ್, ಕ್ಯಾನ್ ಹೈ, ಕ್ಯಾನ್ ಲೋ ನಡುವೆ 60 ಓಮ್ ಉಂಟಾ ಅಂತ ಮೊದಲು ನೋಡಬೇಕು. 120 ಬಂದರೆ ಒಂದು ತುದಿಯ ರೆಸಿಸ್ಟರ್ ಕಳಚಿದೆ.

ಶಿರಾ_ಕ್ವಾರಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. 639 ಇಲ್ಲ. ವೆಲ್ಡಿಂಗ್ ಯಾರೂ ಮಾಡಿಲ್ಲ, ಬಕೆಟ್ ಹಲ್ಲು ಹೋದ ವರ್ಷ ಹಾಕ್ಸಿದ್ದು, ಆಗ ಬಕೆಟ್ ಬಿಚ್ಚಿ ಕೆಳಗಿಟ್ಟೇ ಹಾಕಿದ್ರು.

ಹಳೇ ಪಟ್ಟಿ ನೋಡಿದೆ. 94-4 ಅಂತ ಇನ್ನೊಂದಿದೆ. ಅದನ್ನ ಸರ್ವೀಸ್‌ನವರೂ ನೋಡಿದ್ರು, "ಫಿಲ್ಟರ್ ಚೇಂಜ್ ಮಾಡುವಾಗ ಬಂದಿರುತ್ತೆ, ಬಿಡಿ" ಅಂದ್ರು. ಡೀಸೆಲ್ ಫಿಲ್ಟರ್ ಬದಲಾಯಿಸಿದ ಮೇಲೇ ಈ ತೊಂದರೆ ಶುರುವಾಗಿದ್ದು ಅಂತ ನಮ್ಮ ಆಪರೇಟರ್ ಈಗ ನೆನಪು ಮಾಡ್ಕೊಂಡು ಹೇಳ್ತಿದ್ದಾನೆ.

ಹೊಸಪೇಟೆ_ವೈರಿಂಗ್

ಅದೇ ಬೇಕಾಗಿತ್ತು. 94 ಅಂದ್ರೆ ಫ್ಯೂಯಲ್ ಡೆಲಿವರಿ ಪ್ರೆಶರ್. ಆ ಸೆನ್ಸರ್ ನಿಮ್ಮ ಫಿಲ್ಟರ್ ಹೆಡ್ ಮೇಲೋ, ಅದರ ಪಕ್ಕದ ಪೈಪ್ ಮೇಲೋ ಇರ್ತದೆ. ಬಾಲದಲ್ಲಿ ಅದೇ 4, ಅಂದ್ರೆ ಅದೂ ಈ ಲೈನ್ ಮೇಲೇ ಇದೆ. ಫಿಲ್ಟರ್ ಬಿಚ್ಚೋವಾಗ ಪಾನಾ ಸುತ್ತೋಕೆ ಅಡ್ಡ ಬರ್ತದೆ ಅಂತ ವೈರಿಂಗ್ ಕ್ಲಾಂಪ್ ಕಳಚಿ ಪಕ್ಕಕ್ಕೆ ಸರಿಸ್ತಾರೆ, ಆಮೇಲೆ ವಾಪಸ್ ಹಾಕೋದಕ್ಕೆ ಯಾರಿಗೂ ಪುರಸೊತ್ತಿರಲ್ಲ.

ಇಡೀ ವೈರಿಂಗ್ ತಡಕೋದು ಬೇಡ. ಮೀಟರ್ ಆಯಿಲ್ ಸೆನ್ಸರ್ ಕಪ್ಲರ್‌ನಲ್ಲೇ ಇರಲಿ, ಕೈ ಮಾತ್ರ ಫಿಲ್ಟರ್ ಹೆಡ್ ಹತ್ರ ಹೋಗಲಿ.

ಶಿರಾ_ಕ್ವಾರಿ

ಸಿಕ್ತು ಸಾರ್!

ನೀವು ಹೇಳಿದ ಹಾಗೇ ಮೀಟರ್ ಕಟ್ಟಿದೆ, 5.02 ತೋರಿಸ್ತಿತ್ತು. ಆಪರೇಟರ್ ಫಿಲ್ಟರ್ ಹೆಡ್ ಹಿಂದೆ ಕೈ ಹಾಕಿ ವೈರಿಂಗನ್ನ ಬ್ರಾಕೆಟ್ ಕಡೆ ಒತ್ತಿದ ತಕ್ಷಣ ಸೊನ್ನೆ ಪಾಯಿಂಟ್ ಚಿಲ್ಲರೆಗೆ ಇಳೀತು. ಬಿಟ್ರೆ ಬರಲಿಲ್ಲ, ಕೀ ಆಫ್-ಆನ್ ಮಾಡಿದ ಮೇಲೆ 5 ವಾಪಸ್ ಬಂತು. ಮತ್ತೆ ಒತ್ತಿದ್ವಿ, ಮತ್ತೆ ಇಳೀತು. ಕ್ಲಾಂಪಿನ ಬೋಲ್ಟೇ ಇಲ್ಲ, ತೂತು ಮಾತ್ರ ಇದೆ. ಸುರುಳಿ ಪೈಪ್ ಬ್ರಾಕೆಟ್ ಅಂಚಿನ ಮೇಲೆ ಕೂತು ಉಜ್ಜಿ ಉಜ್ಜಿ, ಕೆಳಗಿನ ಸೀಳಿನಿಂದ ಒಂದೇ ಒಂದು ವೈರ್ ಹೊರಗೆ ಇಣುಕ್ತಿತ್ತು. ಅದರಲ್ಲಿ ಕಡಲೆಬೇಳೆ ಅಷ್ಟು ಜಾಗ ತಾಮ್ರ ಕಾಣ್ತಿತ್ತು. ಬ್ರಾಕೆಟ್ ಅಂಚಲ್ಲೂ ಅಷ್ಟೇ ಉದ್ದ ಪೇಂಟ್ ಹೋಗಿ ಹೊಳೀತಾ ಇತ್ತು. ಮೇಲಿಂದ ನೋಡಿದ್ರೆ ಏನೂ ಗೊತ್ತಾಗ್ತಿರಲಿಲ್ಲ, ಮೊಬೈಲ್ ಕ್ಯಾಮೆರಾ ಕೆಳಗೆ ಹಿಡಿದು ಫೋಟೋ ತೆಗೆದ ಮೇಲೇ ಕಂಡಿದ್ದು.

ಈಗ ಸದ್ಯಕ್ಕೆ ಇನ್ಸುಲೇಶನ್ ಟೇಪ್ ಸುತ್ತಿ ದಾರದಲ್ಲಿ ಎತ್ತಿ ಕಟ್ಟಿದ್ದೀನಿ. ಇಷ್ಟು ಸಾಕಾ, ಅಥವಾ ಕಟ್ ಮಾಡಿ ಬೆಸುಗೆ ಹಾಕ್ಸಬೇಕಾ? ಆಮೇಲೆ ಬಿಚ್ಚಿಟ್ಟ ಹಳೇ ಆಯಿಲ್ ಸೆನ್ಸರ್ ಚೆನ್ನಾಗಿದೆಯಾ ಅಂತ ನೋಡೋದು ಹೇಗೆ?

ಹೊಸಪೇಟೆ_ವೈರಿಂಗ್

ಟೇಪ್ ಸಂಜೆವರೆಗೆ ಸಾಕು. ಡೀಸೆಲ್ ತೇವ, ಬಿಸಿ ಎರಡೂ ಇರೋ ಜಾಗದಲ್ಲಿ ಅದರ ಅಂಟು ಕರಗಿ ಜಾರ್ತದೆ.

ಬೆಸುಗೆ ಬೇಡ್ರಿ. ಬ್ರೇಕರ್ ಹೊಡೆಯೋ ಗಾಡಿಯಲ್ಲಿ ಬೆಸುಗೆ ಹಾಕಿದ ಜಾಗದಲ್ಲಿ ವೈರ್ ಗಟ್ಟಿಯಾಗಿ, ಬೆಸುಗೆ ಮುಗಿಯೋ ಅಂಚಲ್ಲಿ ಎಳೆ ಎಳೆಯಾಗಿ ತುಂಡಾಗ್ತದೆ. ಮಾಸ್ಟರ್ ಸ್ವಿಚ್ ಆಫ್ ಮಾಡಿ, ಗಾಯ ಆದ ಜಾಗ ಕತ್ತರಿಸಿ ತೆಗೆದು, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗೋ ಪೈಪ್) ಮೊದಲೇ ತೂರಿಸಿಟ್ಟು, ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಸೇರಿಸಿ), ಬಿಸಿ ಮಾಡ್ರಿ. ಎರಡೂ ಬದಿಯಿಂದ ಅಂಟು ಸ್ವಲ್ಪ ಹೊರಗೆ ಬಂದ್ರೆ ಸೀಲ್ ಆಯ್ತು ಅಂತ. ವೈರ್ ಬಿಗಿಯಾಗಿ ಎಳೆದು ಸೇರಿಸಬೇಡ್ರಿ, ಉದ್ದ ಸಾಲದಿದ್ರೆ ಅದೇ ದಪ್ಪದ ತುಂಡು ನಡುವೆ ಕೊಡ್ರಿ. ಪಕ್ಕದ ವೈರ್‌ಗಳ ಮೈಯನ್ನೂ ಬೆರಳಲ್ಲಿ ಸವರಿ ನೋಡ್ರಿ, ಒಂದು ಸವೆದಿದ್ದರೆ ಅದರ ಜೋಡಿದಾರನಿಗೂ ಸ್ವಲ್ಪ ತಾಗಿರ್ತದೆ. ಆಮೇಲೆ ರಬ್ಬರ್ ಇರೋ ಕ್ಲಾಂಪ್ ಹಾಕಿ ಅದೇ ತೂತಿಗೆ ಬೋಲ್ಟ್ ಕೂರಿಸ್ರಿ. ಬರೀ ತಗಡಿನ ಕ್ಲಾಂಪ್ ಹಾಕಿದ್ರೆ ಬ್ರಾಕೆಟ್ ಮಾಡಿದ ಕೆಲಸ ಅದೇ ಮಾಡ್ತದೆ. ಬ್ರಾಕೆಟ್ ಅಂಚಿಗೆ ಹಳೇ ಡೀಸೆಲ್ ಹೋಸ್ ಪೈಪ್ ಸೀಳಿ ತೊಡಿಸಿಬಿಡ್ರಿ.

ಹಳೇ ಸೆನ್ಸರ್: ಅದನ್ನ ಕಪ್ಲರ್‌ಗೆ ಹಾಕಿ, ಇಂಜಿನ್‌ಗೆ ಕೂರಿಸದೆ ಕೈಯಲ್ಲೇ ಹಿಡಿದು ಕೀ ಆನ್ ಮಾಡ್ರಿ, ಇಂಜಿನ್ ಸ್ಟಾರ್ಟ್ ಮಾಡಬಾರದು. ಹಿಂದಿನಿಂದ ಗುಂಡುಪಿನ್ ಇಳಿಸಿ ಸಿಗ್ನಲ್ ಮತ್ತು ಅರ್ತ್ ನಡುವೆ ನೋಡ್ರಿ. ಪ್ರೆಶರ್ ಇಲ್ಲದಾಗ ಅರ್ಧ ವೋಲ್ಟ್ ಆಸುಪಾಸು ಬರಬೇಕು. ಹೊಸದನ್ನೂ ಅದೇ ಥರ, ಇಂಜಿನ್ ನಿಂತಿರುವಾಗ ನೋಡಿ ಹೋಲಿಸ್ರಿ. ಎರಡೂ ಒಂದೇ ಬಂದ್ರೆ ಹಳೇದನ್ನ ಸ್ಪೇರ್ ಅಂತ ಕ್ಯಾಬಿನ್ ಟೂಲ್ ಬಾಕ್ಸ್‌ನಲ್ಲಿ ಇಟ್ಕೊಳ್ರಿ.

ರಿಪೇರಿ ಆದ ಮೇಲೆ ಹಳೇ ಕೋಡ್ ಎಲ್ಲಾ ಅಳಿಸಿ, ಬ್ರೇಕರ್ ಹಾಕಿ ಒಂದು ಶಿಫ್ಟ್ ಪೂರ್ತಿ ಹೊಡೆಸ್ರಿ. ಸಂಜೆ ಬಜರ್ ಬರಲಿಲ್ಲ ಅಂತ ಬಿಡದೆ ಪಟ್ಟಿ ತೆಗೆದು ನೋಡ್ರಿ. 3510 ಅಲ್ಲಿ ಒಂದು ಸಲ ಆದ್ರೂ ಬಂದಿದ್ರೆ ಇನ್ನೊಂದು ಕಡೆನೂ ಉಜ್ಜತಿದೆ ಅಂತ, ಆಗ ಸೆಲ್ಫ್ ಮೋಟರ್ ಹಿಂದೆ ನೋಡ್ಬೇಕು.

ಕುಂದಾಪುರ_ಮಸ್ಕತ್

ಆ ಬ್ರಾಕೆಟಿನ ಫೋಟೋ ಇಲ್ಲಿ ಹಾಕಿ ಆಯ್ತಾ. ನನ್ನ ಹತ್ರ ಇರುವ ಎರಡು ಗಾಡಿಯಲ್ಲೂ ಫಿಲ್ಟರ್ ಹೆಡ್ ಅದೇ ಜಾಗದಲ್ಲಿ ಉಂಟು, ನಾಳೆ ನೋಡ್ತೇನೆ.